ಶವವಾಹನವನ್ನು ಮನೆಗೆ ತರಬಹುದೆ?



ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಎಂಜಿನಿಯರರಾಗಿ, ಈಗ ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ನಮಗೆ ಒಂದು ಪತ್ರ ಬರೆದಿದ್ದಾರೆ. ಅವರ ಊರಿನಲ್ಲಿ ಶವಸಂಸ್ಕಾರದ ವೃತ್ತಿಯನ್ನು ನಡೆಸುತ್ತ ಬಂದ ವೃದ್ಧರೊಬ್ಬರು ಈಗ ವೃತ್ತಿಯಿಂದ ನಿವೃತ್ತರಾಗುತ್ತಿದ್ದಾರಂತೆ. ಅವರ ಕೊಟ್ಟಿಗೆಯಲ್ಲಿ 1960ರ ದಶಕದ ಕ್ಯಾಡಿಲಾಕ್ ಶವವಾಹನವೊಂದು ಉಳಿದಿದೆ. ಹಳೆಯ ಕಾರುಗಳಲ್ಲಿ ಆಸಕ್ತಿಯುಳ್ಳ ನಮ್ಮ ಮಿತ್ರರಿಗೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, ಕಾಪಾಡಿಕೊಳ್ಳಬೇಕೆಂಬ ಆಸೆ. ಮನೆಯವರು, “ಹೆಣ ಹೊತ್ತ ಗಾಡಿ ನಮ್ಮ ಬಾಗಿಲಲ್ಲಿ ನಿಲ್ಲುವುದು ಬೇಡ” ಎನ್ನುತ್ತಾರೆ. ಮಿತ್ರರು ನಗುತ್ತಾರೆ. “ಗುರುಗಳೇ, ನಾನು ಇದನ್ನು ಕೊಳ್ಳಬಹುದೆ?” ಎಂದು ಅವರು ಕೇಳಿದ್ದಾರೆ.

ನಿಮ್ಮಲ್ಲಿಯೂ ಕೆಲವರಿಗೆ ನಗು ಬಂದೀತು. ಪತ್ರದ ಮೊದಲ ಪುಟವನ್ನು ಓದುವಾಗ ನಾವೂ ನಕ್ಕೆವು. ಕೊನೆಯ ಪುಟವನ್ನು ಓದಿದಾಗ ನಗು ನಿಂತಿತು. ಆ ಪುಟದಲ್ಲಿದ್ದುದನ್ನು ಮುಂದೆ ಹೇಳುತ್ತೇವೆ. ಮೊದಲು ಈ ವಸ್ತು ಯಾವುದೆಂಬುದನ್ನು ತಿಳಿಯೋಣ; ತಿಳಿಯದೆ ಕೊಡುವ ತೀರ್ಪು ತೀರ್ಪಲ್ಲ.

ಶವವಾಹನಕ್ಕೆ ಇಂಗ್ಲಿಷಿನಲ್ಲಿ ‘ಹರ್ಸ್’ ಎಂದು ಹೆಸರು. ಈ ಶಬ್ದದ ಮೂಲದಲ್ಲಿರುವುದು ಸಾವಲ್ಲ, ಬೇಸಾಯ. ಉತ್ತ ನೆಲದ ಹೆಂಟೆಯೊಡೆದು ಹದಗೊಳಿಸುವ, ಹಲ್ಲುಗಳುಳ್ಳ ಹಲುಬೆಗೆ ಹಳೆಯ ಫ್ರೆಂಚ್ ಭಾಷೆಯಲ್ಲಿ ಈ ಹೆಸರಿತ್ತು. ಅದೇ ಆಕಾರದಲ್ಲಿ ಸಾಲಾಗಿ ಮೇಣದ ಬತ್ತಿಗಳನ್ನು ನಿಲ್ಲಿಸಿ ಇಗರ್ಜಿಯಲ್ಲಿ ಶವಪೆಟ್ಟಿಗೆಯ ಮೇಲಿಡುತ್ತಿದ್ದ ಚೌಕಟ್ಟಿಗೂ ಅದೇ ಹೆಸರಾಯಿತು. ಕಡೆಗೆ ಶವವನ್ನು ಒಯ್ಯುವ ಗಾಡಿಗೂ ಅದೇ ಹೆಸರು ಅಂಟಿಕೊಂಡಿತು. ಅಮೆರಿಕದಲ್ಲಿ 1909ರ ಸುಮಾರಿಗೆ ಕುದುರೆ ಗಾಡಿಯ ಸ್ಥಾನಕ್ಕೆ ಮೋಟಾರು ಶವವಾಹನ ಬರತೊಡಗಿತು. ಕ್ಯಾಡಿಲಾಕ್ ಕಂಪೆನಿಯು ಉದ್ದವೂ ಬಲವೂ ಹೆಚ್ಚಿಸಿದ ಚಾಸಿಯನ್ನು ಮಾತ್ರ ಕೊಡುತ್ತಿತ್ತು; ಅದರ ಮೇಲೆ ಬಾಡಿ ಕಟ್ಟುವ ಕಾರ್ಖಾನೆಗಳು ಬೇರೆ. ಅವುಗಳಲ್ಲಿ ಹೆಸರಾಂತ ಎರಡು, ಪಿಕ್ವಾ ಪಟ್ಟಣದ ಮಿಲ್ಲರ್-ಮೀಟಿಯರ್ ಮತ್ತು ಲೈಮಾ ಪಟ್ಟಣದ ಸುಪೀರಿಯರ್, ನಮ್ಮ ಮಿತ್ರರು ವಾಸಿಸುವ ಓಹಾಯೋ ರಾಜ್ಯದಲ್ಲಿಯೇ ಇದ್ದವು. ಆದುದರಿಂದ ಆ ವಾಹನವು ಆ ನಾಡಿನ ಕೈಕಸುಬಿನ ಒಂದು ಕುರುಹೂ ಹೌದು.

ಇಂತಹ ಹಳೆಯ ವಾಹನಗಳ ಪಕ್ಕದಲ್ಲಿ ‘ಎಸ್’ ಅಕ್ಷರದಂತೆ ಬಾಗಿದ ಲೋಹದ ಪಟ್ಟಿಯೊಂದು ಅನೇಕ ವೇಳೆ ಕಾಣುತ್ತದೆ. ಕುದುರೆ ಗಾಡಿಯ ಮಡಿಚುವ ಮುಚ್ಚಿಗೆಯನ್ನು ಎತ್ತಿ ಹಿಡಿಯುತ್ತಿದ್ದ ಕೀಲಿನ ನೆನಪು ಅದು. ಇಂದು ಅದು ಮಡಿಚುವುದೂ ಇಲ್ಲ, ಬಿಚ್ಚುವುದೂ ಇಲ್ಲ, ಅಲಂಕಾರವಾಗಿ ಉಳಿದಿದೆ. ಕೆಲಸ ತೀರಿದ ಮೇಲೂ ರೂಪವನ್ನು ಬಿಡಲಾರದ ಮನುಷ್ಯಸ್ವಭಾವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಮೊದಲನೆಯ ಆಕ್ಷೇಪಕ್ಕೆ ಬರೋಣ. ಹೆಣ ಹೊತ್ತ ಗಾಡಿ ಅಪವಿತ್ರವೆ? ಶರಣರು ಐದು ಸೂತಕಗಳನ್ನು ನಿರಾಕರಿಸಿದರೆಂಬುದು ನಿಮಗೆಲ್ಲ ತಿಳಿದ ವಿಷಯ: ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ. ಮರಣಸೂತಕವಿಲ್ಲವೆಂದು ಸಭೆಯಲ್ಲಿ ಹೇಳುವ ನಾವು ಶವವಾಹನವು ಎದುರಾದಾಗ ದಾರಿ ಬದಲಿಸಿದರೆ, ನಮ್ಮ ಮಾತು ಒಂದು, ನಡೆ ಇನ್ನೊಂದು ಎಂದಾಯಿತು. ನಮ್ಮ ಲಿಂಗೈಕ್ಯರನ್ನು ವಿಮಾನದಲ್ಲಿ ಕುಳ್ಳಿರಿಸಿ, ಹೂವು ಮುಡಿಸಿ, ಭಜನೆಯೊಡನೆ ಒಯ್ಯುತ್ತೇವೆ. ಆ ವಿಮಾನಕ್ಕೆ ಹೆಗಲು ಕೊಡುವುದು ಪುಣ್ಯವೆಂದು ನೂಕಾಡುತ್ತ ಮುಂದೆ ಬರುತ್ತೇವೆ. ಹೆಗಲಿಗೆ ತಗುಲದ ಮೈಲಿಗೆ ಚಕ್ರಕ್ಕೆ ತಗುಲೀತೆ?

ಅಮೆರಿಕದ ಇತಿಹಾಸವೂ ಈ ಮಾತಿಗೆ ಒಂದು ದೃಷ್ಟಾಂತವನ್ನು ಕೊಡುತ್ತದೆ. 1970ರ ದಶಕದವರೆಗೆ ಅಲ್ಲಿಯ ಅನೇಕ ಸಣ್ಣ ಊರುಗಳಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಕೆಲಸವನ್ನೂ ಶವಸಂಸ್ಕಾರದವರೇ ಮಾಡುತ್ತಿದ್ದರು. ಒಬ್ಬ ಮನುಷ್ಯನು ಮಲಗಿ ಹೋಗುವಷ್ಟು ಉದ್ದದ ವಾಹನ ಅವರಲ್ಲಿ ಮಾತ್ರ ಇರುತ್ತಿತ್ತು. ಎರಡು ಕೆಲಸಕ್ಕೂ ಒದಗುವ ವಾಹನಗಳನ್ನೇ ಕಾರ್ಖಾನೆಗಳು ಕಟ್ಟುತ್ತಿದ್ದವು. ಬೆಳಿಗ್ಗೆ ಹೆರಿಗೆಯ ನೋವಿನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಗಾಡಿಯೇ ಸಂಜೆ ಮುದುಕನೊಬ್ಬನನ್ನು ಮಣ್ಣಿಗೆ ಸೇರಿಸಬಹುದಾಗಿತ್ತು. ಆ ಗಾಡಿ ಬೆಳಿಗ್ಗೆ ಶುಭವೆಂದೂ ಸಂಜೆ ಅಶುಭವೆಂದೂ ಹೇಳುವವರು ಯಾರು? ಶುಭಾಶುಭವು ವಾಹನದಲ್ಲಿಲ್ಲ. ಆದುದರಿಂದ ನಮ್ಮ ಮಿತ್ರರಿಗೆ ಮೊದಲ ಉತ್ತರ ಇದು: ಸೂತಕದ ಕಾರಣದಿಂದ ಬೇಡವೆನ್ನಬೇಕಾಗಿಲ್ಲ. ಆದರೆ ಮನೆಯೊಡತಿಗೆ ಅಳುಕಿದ್ದರೆ ಅದನ್ನು ಮೌಢ್ಯವೆಂದು ಜರೆಯುವ ಅಧಿಕಾರವೂ ಅವರಿಗಿಲ್ಲ. ಮನೆ ಇಬ್ಬರದು, ಒಬ್ಬರ ಹವ್ಯಾಸಕ್ಕಾಗಿ ಇನ್ನೊಬ್ಬರು ದಿನವೂ ಅಂಜಿ ಬಾಳಬೇಕಾದರೆ ಅದು ಗೃಹಧರ್ಮವಲ್ಲ.

ಎರಡನೆಯ ಆಕ್ಷೇಪ ವೆಚ್ಚದ್ದು. ಆ ವಾಹನದ ಉದ್ದ 20 ಅಡಿಗೂ ಮೀರಿದ್ದು. ಸಾಮಾನ್ಯ ಮನೆಯ ಕಾರುಕೋಣೆಯಲ್ಲಿ ಹಿಡಿಯುವುದು ಕಷ್ಟ. ಎಂಜಿನ್ನಿನ ಭಾಗಗಳು ಕ್ಯಾಡಿಲಾಕ್ ಕಾರಿನವೇ ಆದುದರಿಂದ ಹುಡುಕಿದರೆ ದೊರೆಯುತ್ತವೆ. ಆದರೆ ಹಿಂಬದಿಯ ಬಾಗಿಲು, ಪಕ್ಕದ ಗಾಜು, ಶವಪೆಟ್ಟಿಗೆಯನ್ನು ಒಳಗೆ ಜಾರಿಸುವ ಉರುಳೆಗಳು ಇವೆಲ್ಲ ಬಾಡಿ ಕಟ್ಟಿದವರು ಸ್ವಲ್ಪವೇ ಸಂಖ್ಯೆಯಲ್ಲಿ ಮಾಡಿದಂಥವು. ಒಡೆದರೆ ಮತ್ತೊಂದು ಸಿಕ್ಕುವುದು ದುರ್ಲಭ. ಮೆಲ್ಲಗೆ, ಹತ್ತಿರದ ದಾರಿಗಳಲ್ಲಿ ಓಡಿದ ವಾಹನವಾದುದರಿಂದ ಎಂಜಿನ್ನು ಸವೆದಿರುವುದು ಕಡಿಮೆ. ಆದರೆ ಮೇಲ್ಛಾವಣಿಗೆ ಹೊದಿಸಿದ ವಿನೈಲ್ ಹಾಳೆಯ ಕೆಳಗೆ ನೀರು ನಿಂತು ಕಬ್ಬಿಣ ತುಕ್ಕು ತಿಂದಿರುವುದುಂಟು. ಹೊರಗೆ ಹೊಳಪು, ಒಳಗೆ ತುಕ್ಕು! ಕೊಳ್ಳುವವನು ಹಾಳೆಯನ್ನು ಎತ್ತಿ ನೋಡಬೇಕು. ಇದು ಕಾರಿಗೆ ಮಾತ್ರ ಸಲ್ಲುವ ಮಾತಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವೆಚ್ಚದ ಬಗ್ಗೆ ನಮ್ಮ ಅಭಿಪ್ರಾಯ ಸರಳವಾದುದು. ಸತ್ಯಶುದ್ಧ ಕಾಯಕದಿಂದ ಗಳಿಸಿದುದರಲ್ಲಿ ಸಂಸಾರಕ್ಕೆ ಸಲ್ಲಬೇಕಾದುದು ಸಂದು, ದಾಸೋಹಕ್ಕೆ ಸಲ್ಲಬೇಕಾದುದೂ ಸಂದ ಮೇಲೆ, ಉಳಿದ ಹಣದಿಂದ ಒಬ್ಬನು ವೀಣೆಯನ್ನು ಕೊಂಡರೂ ಸರಿ, ಕಾರನ್ನು ಕೊಂಡರೂ ಸರಿ. ಆ ಎರಡೂ ಸಲ್ಲುವ ಮೊದಲು ಕೊಂಡರೆ, ಅದು ವೀಣೆಯಾದರೂ ತಪ್ಪೇ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು: ಕೊಳ್ಳುವುದು ಏತಕ್ಕಾಗಿ? ಅಮೆರಿಕದಲ್ಲಿ ಹಳೆಯ ಶವವಾಹನಗಳನ್ನು ಕೊಳ್ಳುವವರನ್ನು ನೋಡಿದರೆ ಮೂರು ಬಗೆಯವರು ಕಾಣುತ್ತಾರೆ.

ಮೊದಲನೆಯವರು ವಿನೋದಕ್ಕಾಗಿ ಕೊಳ್ಳುವವರು. 1984ರಲ್ಲಿ ತೆರೆ ಕಂಡ ‘ಘೋಸ್ಟ್‌ಬಸ್ಟರ್ಸ್’ ಎಂಬ ಚಲನಚಿತ್ರದಲ್ಲಿ ದೆವ್ವ ಹಿಡಿಯುವವರ ವಾಹನವಾಗಿ 1959ರ ಮಿಲ್ಲರ್-ಮೀಟಿಯರ್ ಕ್ಯಾಡಿಲಾಕ್ ಕಾಣಿಸಿಕೊಂಡಿತು. ಅದನ್ನು ಅನುಕರಿಸುವವರು ಇಂದಿಗೂ ಇದ್ದಾರೆ. ಇನ್ನು ಕೆಲವರು ಒಳಗೆ ಅಸ್ಥಿಪಂಜರದ ಬೊಂಬೆಯನ್ನು ಮಲಗಿಸಿ ಬೀದಿಯಲ್ಲಿ ಮೆರೆಸುತ್ತಾರೆ. ಮಕ್ಕಳ ನಗೆಯನ್ನು ನಾವು ಹಳಿಯುವುದಿಲ್ಲ. ಸಾವನ್ನು ನೋಡಿ ನಗುವುದಕ್ಕೂ ಒಂದು ಧೈರ್ಯ ಬೇಕು. ಆದರೆ ಆ ಗಾಡಿಯ ಹಿಂದೆ ಒಂದು ದಿನ ಅಳುತ್ತ ನಡೆದವರು ಅದೇ ಊರಿನಲ್ಲಿ ಬದುಕಿದ್ದಾರೆ. ಅವರು ಕಿಟಕಿಯಿಂದ ನೋಡುತ್ತಿರಬಹುದು. ಅವರ ಎದುರಿನಲ್ಲಿ ಮಾಡಲಾಗದ ವಿನೋದವು ಅವರ ಹಿಂದೆಯೂ ಸಲ್ಲದು.

ಎರಡನೆಯವರು ಖ್ಯಾತಿಗಾಗಿ ಕೊಳ್ಳುವವರು. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಅವರ ದೇಹವನ್ನು ಆಸ್ಪತ್ರೆಯಿಂದ ವಿಮಾನ ನಿಲ್ದಾಣಕ್ಕೆ ಒಯ್ದ ಕ್ಯಾಡಿಲಾಕ್ ಶವವಾಹನವು 2012ರ ಜನವರಿಯಲ್ಲಿ ಆರಿಜೋನಾ ರಾಜ್ಯದಲ್ಲಿ ಹರಾಜಾಯಿತು. ಕೂಗು 1,60,000 ಡಾಲರಿಗೆ ನಿಂತಿತು. ಅದರ ಹಿಂದಿನ ವರ್ಷವೇ, ಕೆನಡಿಯವರ ದೇಹವನ್ನು ರಾಜಧಾನಿಯಲ್ಲಿ ಒಯ್ದದ್ದೆಂದು ಹೇಳಲಾದ ಆಂಬುಲೆನ್ಸ್ ಒಂದು, ಅದು ನಿಜವಾದ ವಾಹನವಲ್ಲವೆಂಬ ವಾದದ ನಡುವೆಯೇ ಮಾರಾಟವಾಗಿತ್ತು. ಯೋಚಿಸಿ ನೋಡಿ: ಅದೇ ಚಾಸಿ, ಅದೇ ಉರುಳೆ, ಅದೇ ಬಾಗಿಲು. ಹೊತ್ತ ದೇಹ ಯಾರದೆಂಬುದರ ಮೇಲೆ ಬೆಲೆ ನಿಂತಿತು. ಬಡ ರೈತನನ್ನು ಒಯ್ದ ಗಾಡಿ ಗುಜರಿಗೆ; ಅಧ್ಯಕ್ಷರನ್ನು ಒಯ್ದ ಗಾಡಿ ಹರಾಜಿನ ವೇದಿಕೆಗೆ. ಮಣ್ಣಿನಲ್ಲಿ ಎಲ್ಲರೂ ಸಮಾನರಾದ ಮೇಲೂ ಅವರನ್ನು ಹೊತ್ತ ಗಾಡಿಗಳಲ್ಲಿ ನಾವು ಮೇಲು ಕೀಳುಗಳನ್ನು ಉಳಿಸಿಕೊಂಡಿದ್ದೇವೆ.

ಮೂರನೆಯವರು ಕಾಪಾಡಲೆಂದು ಕೊಳ್ಳುವವರು. ಶವವಾಹನ, ಹಳೆಯ ಆಂಬುಲೆನ್ಸ್ ಮೊದಲಾದವನ್ನು ಸಂಗ್ರಹಿಸುವವರ ಸಂಘವೊಂದು 1976ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾಯಿತು. ಇಂತಹ ಸಂಗ್ರಾಹಕರು ಬಾಡಿ ಕಟ್ಟಿದ ಕಾರ್ಖಾನೆಯನ್ನೂ ಇಸವಿಯನ್ನೂ ಪತ್ತೆ ಮಾಡಿ, ಮೂಲ ಬಣ್ಣವನ್ನು ಮತ್ತೆ ಬಳಿಸಿ, ಊರ ಚರಿತ್ರೆಯ ಒಂದು ಪುಟವನ್ನು ಉಳಿಸುತ್ತಾರೆ. ಇವರದು ಒಡೆತನವೆನ್ನುವುದಕ್ಕಿಂತ ಕಾವಲುಗಾರಿಕೆ ಎನ್ನಬಹುದು. ದುಃಖದಲ್ಲಿ ಸೇವೆ ಸಲ್ಲಿಸಿದ ವಸ್ತುವಿನಲ್ಲಿ ದುಃಖಪಟ್ಟವರಿಗೂ ಒಂದು ಪಾಲಿದೆ. ಹಣ ಕೊಟ್ಟವನು ಆ ಪಾಲನ್ನು ಕೊಳ್ಳಲಾರನು, ಕಾಯಬಲ್ಲನು ಅಷ್ಟೆ.

ನಮ್ಮ ಮಿತ್ರರು ತಾವು ಮೂರನೆಯ ಗುಂಪಿನವರೆಂದು ಬರೆದಿದ್ದಾರೆ. ನಾವು ನಂಬುತ್ತೇವೆ. ಆದರೆ ಪತ್ರದ ಕೊನೆಯ ಪುಟ ಬೇರೆಯದನ್ನು ಹೇಳುತ್ತದೆ.

2021ರ ಮೇ ತಿಂಗಳಿನಲ್ಲಿ, ಕೊರೊನಾ ರೋಗದ ಎರಡನೆಯ ಅಲೆಯಲ್ಲಿ, ಅವರ ತಂದೆ ಇಲ್ಲಿ ತೀರಿಕೊಂಡರು. ಮಗ ಬರಲಾಗಲಿಲ್ಲ. ಊರಿನವರೂ ಸೇರಲಾಗಲಿಲ್ಲ. ದೇಹವನ್ನು ಚೀಲದಲ್ಲಿ ಸುತ್ತಿ, ಮೈತುಂಬ ಕವಚ ತೊಟ್ಟ ಇಬ್ಬರು ಅಪರಿಚಿತರು ಶವವಾಹನದಲ್ಲಿ ಒಯ್ದರು. ಕುಳ್ಳಿರಿಸಲಿಲ್ಲ, ಹೂವು ಮುಡಿಸಲಿಲ್ಲ. “ಬರಲು ಆಕಾಶದ ವಿಮಾನವೂ ಇರಲಿಲ್ಲ, ಅಪ್ಪನಿಗೆ ಹೂವಿನ ವಿಮಾನವೂ ಇರಲಿಲ್ಲ. ಈ ಗಾಡಿಯನ್ನು ಕಂಡಾಗ, ಇದನ್ನಾದರೂ ಚೆನ್ನಾಗಿ ನೋಡಿಕೊಳ್ಳಬೇಕೆನ್ನಿಸಿತು” ಎಂದು ಬರೆದಿದ್ದಾರೆ.

ಬಂಧುಗಳೇ, ಇಲ್ಲಿ ಪ್ರಶ್ನೆ ಕಾರಿನದಲ್ಲ. ಹೆಗಲು ಕೊಡಲಾಗದ ಮಗನೊಬ್ಬನು ಹೆಗಲಿಗೆ ಬದಲಾಗಿ ಚಕ್ರವನ್ನು ಹುಡುಕುತ್ತಿದ್ದಾನೆ. ಆ ಹಂಬಲವನ್ನು ನಾವು ಗೌರವಿಸುತ್ತೇವೆ. ಆದರೆ ಒಂದು ಮಾತನ್ನು ಹೇಳದಿದ್ದರೆ ಕರ್ತವ್ಯಚ್ಯುತಿಯಾದೀತು. ತಪ್ಪಿಹೋದ ಕರ್ತವ್ಯವನ್ನು ಹಣ ಕೊಟ್ಟು ಮರಳಿ ತರಲಾಗುವುದಿಲ್ಲ. ಮೇಲಾಗಿ, ಅದು ಅವರಾಗಿ ತಪ್ಪಿಸಿದ ಕರ್ತವ್ಯವಲ್ಲ, ಕಾಲ ತಪ್ಪಿಸಿದ್ದು. ಲಿಂಗದಲ್ಲಿ ಬೆರೆತವರಿಗೆ ವಿಮಾನವಿಲ್ಲದ ಕೊರತೆಯಿಲ್ಲ. ಕೊರತೆ ಉಳಿದಿರುವುದು ಮಗನಲ್ಲಿ. ವಿಮಾನವನ್ನಾದರೂ ನಾವು ಒಬ್ಬರಿಗಾಗಿ, ಒಂದು ದಿನಕ್ಕಾಗಿ ಕಟ್ಟುತ್ತೇವೆ. ಮಣ್ಣು ಮುಗಿದ ಮೇಲೆ ಬಿದಿರನ್ನೂ ಬಾಳೆಯ ದಿಂಡನ್ನೂ ಅಲ್ಲಿಯೇ ಬಿಟ್ಟು ಬರುತ್ತೇವೆ. ಯಾರೂ ಅದನ್ನು ಮನೆಗೆ ತಂದು ಕಾಪಾಡುವುದಿಲ್ಲ. ಹೊತ್ತವರು ತರುವುದು ಹೆಗಲ ಮೇಲಿನ ನೋವನ್ನು ಮಾತ್ರ; ಅದೂ ಎರಡು ದಿನಗಳಲ್ಲಿ ಆರುತ್ತದೆ. ಹಾಗೆ ಆರುವುದೇ ಸರಿಯೆಂದು ನಮ್ಮ ಹಿರಿಯರು ತಿಳಿದಿದ್ದರು.

ಹಾಗಾದರೆ ಕೊಳ್ಳಲೇಬಾರದೆ? ಹಾಗೆನ್ನುವುದಿಲ್ಲ. ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಲಿ. ಇತ್ತೀಚೆಗೆ ಸಾವಾದ ಮನೆಯ ಮುಂದೆ ಈ ವಾಹನವನ್ನು ನಾಚಿಕೆಯಿಲ್ಲದೆ ನಡೆಸಿಕೊಂಡು ಹೋಗಬಲ್ಲೆನೆ? ಬೇರೆ ಯಾರೂ ಇದನ್ನು ಎಂದೂ ನೋಡುವುದಿಲ್ಲವೆಂದಾದರೂ ಕೊಳ್ಳುವೆನೆ? ಯಾವುದಾದರೂ ಬಡ ಕುಟುಂಬಕ್ಕೆ ಕೊನೆಯ ಯಾತ್ರೆಗೆ ಇದು ಬೇಕಾದರೆ, ಆ ನಾಡಿನ ಕಾನೂನಿನಂತೆ, ಬಿಡಿಕಾಸನ್ನೂ ಕೇಳದೆ ಒದಗಿಸುವೆನೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಮನೆಯವರೂ ಮನಸಾರೆ ಒಪ್ಪಿದರೆ, ಧಾರಾಳವಾಗಿ ಕೊಳ್ಳಲಿ. ಆಗ ಅದು ಸಂಗ್ರಹವಾಗಿ ಉಳಿಯದು, ದಾಸೋಹವಾಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸವನ್ನು ಮಾಡಲಿ. ಅವರ ಊರಿನಲ್ಲಿಯೂ ಬಂಧುಗಳಿಲ್ಲದೆ ಸಾಯುವವರಿರುತ್ತಾರೆ. ವಾಹನವನ್ನು ಮಾರುತ್ತಿರುವ ಆ ವೃದ್ಧರಿಗೆ ಅಂಥವರ ಸುದ್ದಿ ತಿಳಿದೇ ಇರುತ್ತದೆ. ಹಾಗೆ ತೀರಿಹೋದ ಒಬ್ಬರ ಶವಪೆಟ್ಟಿಗೆಗೆ, ಅವರು ಯಾವ ಮತದವರೇ ಆಗಿರಲಿ, ನಮ್ಮ ಮಿತ್ರರು ಹೆಗಲು ಕೊಡಲಿ. ತಂದೆಗೆ ಸಲ್ಲಬೇಕಾಗಿದ್ದ ಹೆಗಲು ಆ ದಿನ ಸಲ್ಲುತ್ತದೆ. ಮರಳಿ ಬಂದ ಮೇಲೂ ಆ ಕಾರು ಬೇಕೆನ್ನಿಸಿದರೆ ಅದು ನಿಜವಾದ ಬೇಕು. ಬೇಡವೆನ್ನಿಸಿದರೆ, ಹಣವೂ ಉಳಿಯಿತು, ಋಣವೂ ತೀರಿತು.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಶವವಾಹನ ಇರಲಾರದು. ಆದರೆ ತೀರಿಹೋದವರಿಗೆ ಮಾಡಲಾಗದೆ ಉಳಿದ ಸೇವೆಯ ಬದಲಿಗೆ ನಾವು ಕೊಂಡಿಟ್ಟ ವಸ್ತು ಒಂದಾದರೂ ಎಲ್ಲರ ಮನೆಯಲ್ಲಿಯೂ ಇರುತ್ತದೆ: ಗೋಡೆಯ ಮೇಲಿನ ದೊಡ್ಡ ಪಟ, ಊರಿನಲ್ಲಿ ಕಟ್ಟಿಸಿ ಬೀಗ ಹಾಕಿದ ಮನೆ, ಯಾರೂ ಬಳಸದ ಬೆಳ್ಳಿಯ ತಟ್ಟೆ. ಅದರ ಧೂಳನ್ನು ಒರೆಸುವಾಗ ಒಮ್ಮೆ ಕೇಳಿಕೊಳ್ಳಿ: ಈ ಸೇವೆಗೆ ಇಂದು ಕಾದಿರುವ ಜೀವಂತರು ಯಾರಿದ್ದಾರೆ?

ಶರಣು ಶರಣಾರ್ಥಿ.