ಲೆಕ್ಕದ ಯಂತ್ರವೂ ಪರಿಮಿತ ಪರಿಗ್ರಹವೂ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ನಡುವಿನ ಮೂರನ್ನು ಪ್ರಭಾಚಂದ್ರರ ಟೀಕೆಯೊಡನೆ ಓದಿದವರಿಗೆ ಧಾನ್ಯದ ಅಂಗಡಿಯ ಒಳಗೇ ನಿಂತಂತೆ ಭಾಸವಾಗುತ್ತದೆ. ಮುಂದೆ ವಿಶೇಷ ಲಾಭ ಬಂದೀತೆಂದು ಧಾನ್ಯವನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ಒಪ್ಪಿದ ಲಾಭಕ್ಕೆ ಮಾರಿದ ಮೇಲೆ, ಇಲ್ಲವೆ ಕೊಳ್ಳದೆ ಬಿಟ್ಟ ಮೇಲೆ, ಅದೇ ಸರಕಿನಿಂದ ಹೆಚ್ಚು ಹಣ ಬಂದುದನ್ನು ಕಂಡು ಕೊರಗುವುದು ಅತಿವಿಸ್ಮಯ. ಒಳ್ಳೆಯ ಲಾಭ ದೊರೆತರೂ ಇನ್ನಷ್ಟು ಬಯಸುವುದು ಅತಿಲೋಭ. ವ್ಯಾಪಾರವನ್ನೇ ಕುಲವೃತ್ತಿಯಾಗಿ ಉಳಿಸಿಕೊಂಡು ಬಂದ ಸಮಾಜಕ್ಕೆ ಈ ಮೂರನ್ನೂ ವಿವರಿಸಿ ಹೇಳಬೇಕಾಗಿಲ್ಲ.

ಈಗ ಈ ಮನೋವಿಕಾರಗಳಿಗೆ ಯಂತ್ರದಲ್ಲಿಯೇ ಔಷಧವಿದೆ ಎಂಬ ಮಾತು ಕೇಳಿಬರುತ್ತಿದೆ. ಸರಕುಗಳ ವಾಯಿದೆ ಪೇಟೆಯಲ್ಲಿ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು, ಎಷ್ಟು ನಷ್ಟಕ್ಕೆ ಕೈಬಿಡಬೇಕು ಎಂಬುದನ್ನೆಲ್ಲ ಮೊದಲೇ ನಿಯಮವಾಗಿ ಬರೆದು ಗಣಕಯಂತ್ರಕ್ಕೆ ಒಪ್ಪಿಸಿದರೆ ಲೋಭಕ್ಕೂ ಭಯಕ್ಕೂ ಎಡೆಯಿಲ್ಲ ಎಂಬುದು ಅದರ ಪ್ರತಿಪಾದಕರ ವಾದ. ರಾಗವಿಲ್ಲದ ವ್ಯಾಪಾರ! ಈ ಮಾತು ಶ್ರಾವಕನ ಕಿವಿಗೆ ಇಂಪಾಗಿರುವುದರಿಂದಲೇ ಪರೀಕ್ಷೆಗೆ ಅರ್ಹವಾಗಿದೆ.

ಈ ಪದ್ಧತಿಗಳಲ್ಲಿ ಹೆಚ್ಚು ಹೆಸರಾದುದು ಅಮೆರಿಕದ ಷಿಕಾಗೋ ನಗರದ್ದು. 1983ರಲ್ಲಿ ವಾಯಿದೆ ವ್ಯಾಪಾರಿ ರಿಚರ್ಡ್ ಡೆನ್ನಿಸ್ ಮತ್ತು ಅವರ ಜೊತೆಗಾರ ವಿಲಿಯಂ ಎಕ್‌ಹಾರ್ಟ್ ಅವರ ನಡುವೆ, ವ್ಯಾಪಾರ ಕಲಿಸಿದರೆ ಬರುವ ವಿದ್ಯೆಯೋ ಹುಟ್ಟುಗುಣವೋ ಎಂಬ ವಾದ ಹುಟ್ಟಿತು. ಕಲಿಸಬಹುದು ಎಂಬುದು ಡೆನ್ನಿಸ್ ಪಕ್ಷ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಆಯ್ದವರಿಗೆ ಎರಡು ವಾರ ಪಾಠ ಹೇಳಿ, ತಮ್ಮ ಹಣವನ್ನೇ ಕೊಟ್ಟು ವ್ಯಾಪಾರಕ್ಕೆ ಬಿಟ್ಟರು. ‘ಆಮೆಗಳು’ ಎಂದು ಹೆಸರಾದ ಆ ಶಿಷ್ಯರ ನಿಯಮಗಳು ಸರಳವಾಗಿದ್ದವು. ಧಾರಣೆಯು ಹಿಂದಿನ 20 ದಿನಗಳ ಗರಿಷ್ಠವನ್ನು ದಾಟಿದರೆ ಕೊಳ್ಳುವುದು, 10 ದಿನಗಳ ಕನಿಷ್ಠಕ್ಕಿಂತ ಇಳಿದರೆ ಕೈಬಿಡುವುದು. ಬಂಡವಾಳ ನೂರಕ್ಕೆ ಹತ್ತು ಕರಗಿದರೆ ವಹಿವಾಟಿನ ಗಾತ್ರವನ್ನು ಐದನೆಯ ಒಂದು ಪಾಲು ಕುಗ್ಗಿಸುವುದು. ಶಿಷ್ಯರಲ್ಲಿ ಹಲವರು ಬಹಳ ಗಳಿಸಿದರು. ಗುರುವಾದ ಡೆನ್ನಿಸ್ ಮಾತ್ರ ಭಾರೀ ನಷ್ಟದ ನಂತರ 1988ರಲ್ಲಿ ಪರರ ಹಣ ನಿರ್ವಹಿಸುವುದರಿಂದ ಹಿಂದೆ ಸರಿದರು. ಶಿಷ್ಯರ ಗಳಿಕೆಯನ್ನು ಹೇಳುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುವುದುಂಟು.

ಇಂಥ ಪದ್ಧತಿಯ ಗುಣದೋಷಗಳನ್ನು ಅಳೆಯಲು ಗಣಿತವೇ ಮೊದಲ ಮೆಟ್ಟಿಲು. ನೂರು ವಹಿವಾಟಿನಲ್ಲಿ ನಲವತ್ತು ಗೆದ್ದು ತಲಾ 3,000 ರೂಪಾಯಿ ತಂದವು, ಅರವತ್ತು ಸೋತು ತಲಾ 1,000 ಕಳೆದವು ಎನ್ನೋಣ. ನಿವ್ವಳ 60,000, ವಹಿವಾಟೊಂದಕ್ಕೆ 600. ದಲ್ಲಾಳಿ, ತೆರಿಗೆ, ಹೇಳಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ಅಂತರ ಎಲ್ಲ ಸೇರಿ 500 ಹೋದರೆ ಉಳಿಯುವುದು 100. ಕಾಗದದ ಮೇಲಿನ ಲಾಭ ಕಿಸೆಗೆ ಬರುವಷ್ಟರಲ್ಲಿ ಆರರಲ್ಲೊಂದು ಪಾಲಾಯಿತು. ಅಷ್ಟೇ ಅಲ್ಲ, ನೂರಕ್ಕೆ ಅರವತ್ತು ಸೋಲುವ ಆ ಪದ್ಧತಿಯಲ್ಲಿ ನೂರು ವಹಿವಾಟಿನೊಳಗೆ ಒಮ್ಮೆಯಾದರೂ ಸತತವಾಗಿ ಏಳು ಸೋಲು ಬರುವ ಸಂಭವವು ಬಾರದಿರುವ ಸಂಭವಕ್ಕಿಂತ ಹೆಚ್ಚು. ಬಂಡವಾಳ ಅರ್ಧವಾದರೆ ಮೊದಲಿನಂತಾಗಲು ಉಳಿದದ್ದು ಇಮ್ಮಡಿಯಾಗಬೇಕು. ಆದುದರಿಂದ ಒಟ್ಟು ಲಾಭವನ್ನು ನೋಡುವ ಮುನ್ನ ಅತಿ ಆಳದ ಇಳಿತವನ್ನು ನೋಡಬೇಕು.

ಎರಡನೆಯ ಮೆಟ್ಟಿಲಿನಲ್ಲಿ ಗಣಿತವು ಸತ್ಯವ್ರತವನ್ನು ಮುಟ್ಟುತ್ತದೆ. ಹಿಂದಿನ ಧಾರಣೆಗಳ ಮೇಲೆ ನಿಯಮವನ್ನು ಓಡಿಸಿ ನೋಡುವಾಗ ಇಪ್ಪತ್ತು ದಿನದ ಬದಲು ಹತ್ತೊಂಬತ್ತು, ಇಪ್ಪತ್ತಮೂರು, ಮೂವತ್ತೊಂದು ಎಂದು ನೂರು ಬಗೆಯಾಗಿ ತಿದ್ದಿ, ಅತಿ ಹೆಚ್ಚು ಲಾಭ ತೋರಿಸಿದ್ದನ್ನು ಆರಿಸಿಕೊಳ್ಳುವುದು ಸುಲಭ. ಇದು ಕಳೆದ ವರ್ಷದ ಮಳೆಯ ಲೆಕ್ಕವನ್ನು ಕೈಯಲ್ಲಿ ಹಿಡಿದು ಕಳೆದ ವರ್ಷಕ್ಕೇ ಮಳೆಭವಿಷ್ಯ ನುಡಿದಂತೆ. ಪ್ರಾಮಾಣಿಕನಾದವನು ದತ್ತಾಂಶದ ಒಂದು ಭಾಗವನ್ನು ಮುಟ್ಟದೆ ಇರಿಸಿ, ನಿಯಮ ಸಿದ್ಧವಾದ ಮೇಲೆ ಅದರ ಮೇಲೆ ಒಮ್ಮೆ ಮಾತ್ರ ಪರೀಕ್ಷಿಸುತ್ತಾನೆ. ನೂರರಲ್ಲಿ ತೊಂಬತ್ತೊಂಬತ್ತನ್ನು ಮರೆಮಾಡಿ ಒಂದನ್ನು ತೋರಿಸಿ ಪದ್ಧತಿಯನ್ನು ಮಾರುವವನ ಅಂಕಿಗಳಲ್ಲಿ ಒಂದೂ ಸುಳ್ಳಿರಲಾರದು. ಆದರೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಎಣಿಸಿದ ಸದೃಶಸನ್ಮಿಶ್ರಕ್ಕೆ, ಅಂದರೆ ಒಳ್ಳೆಯ ಸರಕಿನಲ್ಲಿ ಅದರಂತೆಯೇ ಕಾಣುವ ಕೀಳು ಸರಕನ್ನು ಬೆರೆಸಿ ಮಾರುವುದಕ್ಕೆ, ಇದು ದೂರವಲ್ಲ. ತನಗೆ ತಾನೇ ಹಾಗೆ ತೋರಿಸಿಕೊಂಡವನು ಕೊಳ್ಳುವವನೂ ಮಾರುವವನೂ ಆಗಿ ಎರಡು ಬಾರಿ ಕೆಡುತ್ತಾನೆ.

ಎಷ್ಟೇ ಪ್ರಾಮಾಣಿಕವಾಗಿ ಪರೀಕ್ಷಿಸಿದರೂ ಭೂತಕಾಲದಲ್ಲಿ ಇಲ್ಲದ್ದು ಯಂತ್ರಕ್ಕೆ ತಿಳಿಯದು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ಧಾರಣೆ ಸೊನ್ನೆಗಿಂತ ಕೆಳಗಿಳಿದು ಪೀಪಾಯಿಗೆ ಋಣ 37.63 ಡಾಲರಿನಲ್ಲಿ ನಿಂತಿತು. ಮುಂಬಯಿಯ ಎಂಸಿಎಕ್ಸ್ ವಿನಿಮಯ ಕೇಂದ್ರದಲ್ಲಿ ಆ ತಿಂಗಳ ಒಪ್ಪಂದ ಋಣ 2,884 ರೂಪಾಯಿಗೆ ಇತ್ಯರ್ಥವಾಯಿತು. ಕೊಂಡವರು ಕೊಟ್ಟ ಬೆಲೆಯನ್ನೆಲ್ಲ ಕಳೆದುಕೊಂಡುದಲ್ಲದೆ ಮೇಲೆ ಹಣ ತೆರಬೇಕಾಯಿತು. ಇನ್ನು 2021ರ ಡಿಸೆಂಬರಿನಲ್ಲಿ ಸೆಬಿಯು ಕಡಲೆ, ಗೋಧಿ, ಹೆಸರು ಮೊದಲಾದ ಏಳು ಸರಕುಗಳ ವಾಯಿದೆಯನ್ನು ತಡೆಹಿಡಿದಾಗ ಪೇಟೆಯೇ ಮುಚ್ಚಿತು. ಅಂಥ ದಿನಕ್ಕೆ ಯಾವ ನಿಯಮವೂ ಇರಲಿಲ್ಲ.

ಹಾಗಾದರೆ ಇದೆಲ್ಲ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೇ? ಅಷ್ಟು ಸರಸರನೆ ತೀರ್ಪು ಕೊಡಲಾಗದು. ಬೆಳೆ ಕೈಗೆ ಬರುವ ಮೊದಲೇ ಧಾರಣೆಯನ್ನು ನಿಶ್ಚಯಿಸಿಕೊಳ್ಳಬಯಸುವ ರೈತನಿಗೂ ಎಣ್ಣೆ ಗಿರಣಿಯವನಿಗೂ ಎದುರು ಪಕ್ಷದಲ್ಲಿ ನಿಂತು ಅಪಾಯವನ್ನು ಹೊರುವವನೊಬ್ಬ ಬೇಕು. ಜೂಜಿನ ಹಾಸಿನ ಮೇಲೆ ಅಂಥ ಪ್ರಯೋಜನ ಯಾರಿಗೂ ಇಲ್ಲ. ಯಂತ್ರಪದ್ಧತಿಗೆ ಒಂದು ಗುಣವೂ ಉಂಟು. ಎಷ್ಟು ಕಳೆದುಕೊಳ್ಳಬಹುದೆಂಬುದನ್ನು ಮೊದಲೇ ಬರೆದಿಡಿಸುವುದರಿಂದ ಅದು ನಷ್ಟಕ್ಕೊಂದು ಪರಿಮಾಣವನ್ನು ಹಾಕಿಸುತ್ತದೆ. ಆದರೆ ಕಡಲೆಯನ್ನು ಕೊಂಡು ಕುಳಿತವನ ಮನಸ್ಸು ಮಳೆ ತಪ್ಪಲಿ ಎಂದು ಹಾರೈಸಿದರೆ ಅದು ಅಪಧ್ಯಾನ; ಕೊಳ್ಳಲು ಹೇಳಿದ್ದು ಯಂತ್ರ ಎಂಬ ಕಾರಣಕ್ಕೆ ಆಸ್ರವ ಯಂತ್ರಕ್ಕೆ ಆಗುವುದಿಲ್ಲ. ರಾಗವು ದಿನನಿತ್ಯದ ನಿರ್ಧಾರದಿಂದ ಸರಿದು, ಯಾವ ಪದ್ಧತಿ, ಎಷ್ಟು ಹಣ ಎಂಬ ಮೊದಲ ನಿರ್ಧಾರದಲ್ಲಿ ಮನೆ ಮಾಡಿರುತ್ತದೆ.

ಆಮೆಗಳ ನಿಯಮಾವಳಿಯನ್ನು ವ್ರತದ ಪಕ್ಕದಲ್ಲಿಟ್ಟು ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಕೊಳ್ಳಲು, ಬಿಡಲು, ಗಾತ್ರ ಕುಗ್ಗಿಸಲು ನಿಯಮಗಳಿವೆ. ‘ಇಷ್ಟು ಸಾಕು’ ಎಂಬುದಕ್ಕೆ ನಿಯಮವಿಲ್ಲ. ಬಂಡವಾಳ ಬೆಳೆದಂತೆ ವಹಿವಾಟಿನ ಗಾತ್ರವೂ ಬೆಳೆಯಬೇಕೆಂಬುದೇ ಅದರ ಕಟ್ಟಳೆ. ಪರಿಗ್ರಹ ಪರಿಮಾಣವಾದರೋ ಗಳಿಕೆಯ ಕಡೆಗೇ ಗಡಿ ಹಾಕುತ್ತದೆ. ವ್ರತವನ್ನು ಸ್ವೀಕರಿಸಿದ ಶ್ರಾವಕನು ಆ ಸಾಲನ್ನು ನಿಯಮಾವಳಿಗೆ ತಾನೇ ಸೇರಿಸಿ, ಮೊದಲ ವಹಿವಾಟಿಗೆ ಮುನ್ನವೇ ಮೊತ್ತವನ್ನು ಬರೆದಿಡಬೇಕಾಗುತ್ತದೆ. ಗೆಲ್ಲತೊಡಗಿದ ಮೇಲೆ ಬರೆಯಲು ಕೈ ಏಳುವುದಿಲ್ಲ.

ಬಸದಿಯ ನಿಧಿಯ ಮಾತು ಬೇರೆ. ಸ್ವಂತ ಹಣದಲ್ಲಿ ಅರ್ಧ ಕಳೆದುಕೊಂಡವನು ತನ್ನ ಕರ್ಮಕ್ಕೆ ತಾನೇ ಉತ್ತರವಾದಿ. ದಾನಿಗಳು ಪೂಜೆಗೆ, ಜೀರ್ಣೋದ್ಧಾರಕ್ಕೆ, ವಿದ್ಯಾರ್ಥಿನಿಲಯಕ್ಕೆ ಎಂದು ಸಂಕಲ್ಪಿಸಿ ಕೊಟ್ಟ ಹಣದಲ್ಲಿ ಸತತ ಏಳು ಸೋಲುಗಳನ್ನು ತಾಳಿಕೊಳ್ಳುತ್ತೇವೆಂದು ಹೇಳುವ ಅಧಿಕಾರ ಯಾವ ವಿಶ್ವಸ್ಥನಿಗೂ ಇಲ್ಲ. ಪದ್ಧತಿ ಎಷ್ಟೇ ಒಳ್ಳೆಯದಾಗಿದ್ದರೂ ಆ ಏಳು ಬಂದೇ ಬರುತ್ತವೆಂದು ನಂಬಿ ಕುಳಿತುಕೊಳ್ಳಬೇಕಾಗುತ್ತದೆ.