ಗ್ಯಾಲಕ್ಸಿ ಉಳಿಸುವ ಅವಸರದಲ್ಲಿ

ಸ್ಟಾರ್ ಟ್ರೆಕ್ ನೋಡುವ ಇಬ್ಬರು ಸಿಕ್ಕರೆ ಒಂದು ಜಗಳ ಗ್ಯಾರಂಟಿ. ಈ ಸರಣಿಯಲ್ಲಿ ಎಂಥ ಕಥೆ ಹೇಳಬಹುದು, ಎಂಥದ್ದು ಹೇಳಬಾರದು? 2020ರಲ್ಲಿ 'ಲೋವರ್ ಡೆಕ್ಸ್' ಕಾರ್ಟೂನ್ ಕಾಮಿಡಿಯಾಗಿ ಬಂತು. 2023ರಲ್ಲಿ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನ ಒಂದು ಕಂತಿನಲ್ಲಿ ಹಡಗಿನ ಸಿಬ್ಬಂದಿಯೆಲ್ಲ ಮಾತಾಡುವ ಬದಲು ಹಾಡತೊಡಗಿದರು. 2025ರ ಜನವರಿಯಲ್ಲಿ 'ಸೆಕ್ಷನ್ 31' ಅನ್ನೋ ಗೂಢಚಾರರ ಸಿನಿಮಾ ಬಂತು. ಪ್ರತಿ ಸಲವೂ ಅದೇ ಪ್ರಶ್ನೆ: ಇದು ಸ್ಟಾರ್ ಟ್ರೆಕ್ಕಾ?

ಅವರವರ ರುಚಿ ಅಂತ ಬಿಟ್ಟುಬಿಡಬಹುದು. ಆದರೆ ನನಗೆ ಇದು ನೀತಿಯ ಪ್ರಶ್ನೆ ಅನ್ನಿಸುತ್ತೆ. ಯಾಕೆಂದರೆ ಪ್ರತಿಯೊಂದು ಕಥಾಪ್ರಕಾರವೂ, ಈಗ ನಾವೆಲ್ಲ ಜಾನರ್ ಅಂತೀವಲ್ಲ ಅದು, ತನ್ನ ಜೊತೆ ಒಂದಿಷ್ಟು ನಿಯಮಗಳನ್ನು ಹೊತ್ತುಕೊಂಡೇ ಬರುತ್ತೆ. ಯುದ್ಧದ ಕಥೆಯಲ್ಲಿ ಶತ್ರು ಇರಲೇಬೇಕು. ಕೋರ್ಟಿನ ಕಥೆಯಲ್ಲಿ ಎದುರು ಪಾರ್ಟಿಯ ಮಾತನ್ನೂ ಕೇಳಲೇಬೇಕು. ಕಾಮಿಡಿಯಲ್ಲಿ ಮನುಷ್ಯ ಎಡವುತ್ತಾನೆ, ಆದರೂ ಅವನು ನಮ್ಮವನೇ. ಗೂಢಚಾರರ ಕಥೆಯಲ್ಲಿ ಕೆಲಸ ಆಗಬೇಕು ಅಷ್ಟೇ. ಹೇಗಾಯ್ತು ಅಂತ ಕೇಳುವವನು ಪೆದ್ದ. ಕಥೆ ಶುರುವಾಗುವ ಮೊದಲೇ ಯಾವ ಪ್ರಶ್ನೆ ಕೇಳಬಹುದು, ಯಾವುದು ಕೇಳುವಂತಿಲ್ಲ ಅಂತ ಜಾನರ್ ತೀರ್ಮಾನ ಮಾಡಿಬಿಟ್ಟಿರುತ್ತೆ.

ಶುದ್ಧ ಸೈನ್ಸ್ ಫಿಕ್ಷನ್ ಮಾತ್ರ ಮಾಡಬೇಕಿತ್ತು ಅನ್ನುವವರಿಗೆ ಇತಿಹಾಸ ಸಪೋರ್ಟ್ ಮಾಡಲ್ಲ. ಜೀನ್ ರಾಡೆನ್‌ಬೆರಿ ಈ ಐಡಿಯಾವನ್ನು ಟೀವಿಯವರಿಗೆ ಮಾರಿದ್ದೇ 'ವ್ಯಾಗನ್ ಟ್ರೇನ್' ಅನ್ನೋ ಕೌಬಾಯ್ ಧಾರಾವಾಹಿಯ ಹೋಲಿಕೆ ಕೊಟ್ಟು. 1966ರಿಂದ 1969ರವರೆಗೆ ಬಂದ ಮೂಲ ಸರಣಿಯ 79 ಕಂತುಗಳಲ್ಲಿ ಸಬ್‌ಮರೀನ್ ಯುದ್ಧದ ಸಿನಿಮಾದ ಅಚ್ಚಿನಲ್ಲಿ ತೆಗೆದದ್ದಿದೆ, ಕೋರ್ಟ್ ಮಾರ್ಷಲ್ ಇದೆ, ಹಡಗಿನ ತುಂಬಾ ಮರಿ ಹಾಕುತ್ತಾ ಹೋಗುವ ತುಪ್ಪಳದ ಪ್ರಾಣಿಗಳ ಪ್ರಹಸನವೂ ಇದೆ. ಅಂತರಿಕ್ಷ ಅನ್ನೋದು ಆ ಸರಣಿಯ ಅಡ್ರೆಸ್ ಮಾತ್ರ. ಆ ಮನೆಯೊಳಗೆ ಎಲ್ಲ ಥರದ ಕಥೆಗಳೂ ಬಂದು ಹೋಗಿವೆ.

ಹಾಗಾದರೆ ಅದರ ಸ್ವಂತದ್ದು ಅಂತ ಏನು? ಒಂದು ನಂಬಿಕೆ. ಮುಂದೊಂದು ದಿನ ಮನುಷ್ಯರು ಹಸಿವು, ವರ್ಣಭೇದ ದಾಟಿ ಬರುತ್ತಾರೆ; ಅಪರಿಚಿತರು ಎದುರಾದಾಗ ಮೊದಲು ಮಾತಾಡಿಸುತ್ತಾರೆ; ಒಳ್ಳೆಯವರಾಗಿರೋದಕ್ಕೆ ದಡ್ಡರಾಗಬೇಕಿಲ್ಲ ಅನ್ನೋ ನಂಬಿಕೆ. ಯಾವ ಜಾನರ್ ಹೊಂದುತ್ತೆ ಅನ್ನೋ ಪ್ರಶ್ನೆಯನ್ನು ನಾನು ಹೀಗೆ ಕೇಳ್ತೀನಿ: ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಕಥೆ ಯಾವುದು, ಅದನ್ನು ಸುಮ್ಮನೆ ಪಕ್ಕಕ್ಕೆ ಸರಿಸುವ ಕಥೆ ಯಾವುದು?

1989ರ ಫೆಬ್ರವರಿಯಲ್ಲಿ 'ನೆಕ್ಸ್ಟ್ ಜನರೇಷನ್'ನಲ್ಲಿ ಬಂದ 'ದಿ ಮೆಷರ್ ಆಫ್ ಎ ಮ್ಯಾನ್' ನೋಡಿ. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್, ಮೊದಲು ವಕೀಲಿಕೆ ಮಾಡಿದವರು. ಹಡಗಿನಲ್ಲಿ ಡೇಟಾ ಅನ್ನೋ ಆಂಡ್ರಾಯ್ಡ್ ಅಧಿಕಾರಿ ಇದ್ದಾನೆ. ಅವನನ್ನು ಬಿಚ್ಚಿ ನೋಡಿ, ಅಂಥವೇ ಇನ್ನಷ್ಟು ತಯಾರು ಮಾಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಲ್ಲೆ ಅನ್ನುತ್ತಾನೆ. ಒಲ್ಲೆ ಅನ್ನೋ ಹಕ್ಕು ಅವನಿಗಿದೆಯಾ, ಅಥವಾ ಅವನು ಇಲಾಖೆಯ ಆಸ್ತಿಯಾ? ಪಿಕಾರ್ಡ್ ಅವನ ಪರ ವಾದಿಸಬೇಕು. ಡೇಟಾನ ಗೆಳೆಯ ರೈಕರ್ ಇಷ್ಟವಿಲ್ಲದಿದ್ದರೂ ವಿರುದ್ಧ ವಾದಿಸಬೇಕು; ಇಲ್ಲದಿದ್ದರೆ ತೀರ್ಪು ವಾದವೇ ಇಲ್ಲದೆ ಡೇಟಾನ ವಿರುದ್ಧ ಹೋಗುತ್ತೆ. ರೈಕರ್ ಪ್ರಾಮಾಣಿಕವಾಗಿ ವಾದಿಸುತ್ತಾನೆ, ಕೊನೆಗೆ ಎಲ್ಲರ ಎದುರು ಗೆಳೆಯನ ಸ್ವಿಚ್ ಆಫ್ ಮಾಡಿಬಿಡುತ್ತಾನೆ.

ಇಡೀ ಕಂತಿನಲ್ಲಿ ಒಂದೂ ಅಂತರಿಕ್ಷ ಯುದ್ಧ ಇಲ್ಲ. ಪಣಕ್ಕಿಟ್ಟಿರುವುದು ಒಬ್ಬನೇ ಒಬ್ಬನ ಬದುಕು. ಆದರೆ ಪ್ರಶ್ನೆ ಬೆಳೆಯುತ್ತಾ ಹೋಗುತ್ತೆ: ನಾಳೆ ಇಂಥವರು ಸಾವಿರಾರು ಮಂದಿ ತಯಾರಾದರೆ, ಅವರೆಲ್ಲ ಆಸ್ತಿಯೇ ಆದರೆ, ಅದಕ್ಕೆ ಗುಲಾಮಗಿರಿ ಅನ್ನದೆ ಇನ್ನೇನನ್ನಬೇಕು? ನ್ಯಾಯಾಧೀಶೆ ಡೇಟಾಗೆ ಆತ್ಮ ಇದೆ ಅಂತ ಸರ್ಟಿಫಿಕೇಟ್ ಕೊಡೋದಿಲ್ಲ. ಅದು ತನಗೆ ಗೊತ್ತಿಲ್ಲ, ಹುಡುಕಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ ಅನ್ನುತ್ತಾಳೆ. ಕೋರ್ಟಿನ ಕಥೆ ಈ ಸರಣಿಗೆ ಇಷ್ಟು ಚೆನ್ನಾಗಿ ಒಗ್ಗೋದಕ್ಕೆ ಕಾರಣ ಇದೇ. ವಿರೋಧಿಯ ವಾದ ಗಟ್ಟಿಯಾಗಿದ್ದಷ್ಟೂ ಕಥೆ ಗಟ್ಟಿಯಾಗುತ್ತೆ.

ಹಾಗಂತ ಕತ್ತಲೆಯ ಕಥೆ ಬೇಡ ಅಂತ ನಾನು ಹೇಳ್ತಿಲ್ಲ. ಕಷ್ಟವೇ ಬರದ ಕಡೆ ಒಳ್ಳೆಯವನಾಗಿರೋದರಲ್ಲಿ ಏನು ದೊಡ್ಡಸ್ತಿಕೆ? 1998ರಲ್ಲಿ 'ಡೀಪ್ ಸ್ಪೇಸ್ ನೈನ್' ಈ ಮಾತನ್ನೇ ಹಿಡಿದು 'ಇನ್ ದಿ ಪೇಲ್ ಮೂನ್‌ಲೈಟ್' ಮಾಡಿತು. ಡೊಮಿನಿಯನ್ ವಿರುದ್ಧ ಯುದ್ಧದಲ್ಲಿ ಸೋಲು ಹತ್ತಿರವಾಗ್ತಿದೆ. ಸತ್ತವರ ಪಟ್ಟಿ ಓದಿ ಓದಿ ಸಾಕಾದ ಕ್ಯಾಪ್ಟನ್ ಸಿಸ್ಕೊ, ರೋಮ್ಯುಲನ್ನರನ್ನು ತಮ್ಮ ಕಡೆ ಎಳೆಯಲು ಸುಳ್ಳು ಸಾಕ್ಷ್ಯ ತಯಾರು ಮಾಡಿಸುತ್ತಾನೆ. ಒಂದು ಸುಳ್ಳು ಇನ್ನೊಂದಕ್ಕೆ, ಲಂಚಕ್ಕೆ, ಕೊನೆಗೆ ಕೊಲೆಗೆ ಕರೆದೊಯ್ಯುತ್ತೆ. ಪ್ಲಾನ್ ಸಕ್ಸಸ್. ರೋಮ್ಯುಲನ್ನರು ಯುದ್ಧಕ್ಕೆ ಇಳಿಯುತ್ತಾರೆ.

ಇದೂ ಗೂಢಚಾರಿಕೆಯ ಕಥೆಯೇ. ಆದರೆ ಹೇಳಿದ ರೀತಿ ನೋಡಿ. ಸಿಸ್ಕೊ ಒಬ್ಬನೇ ಕೂತು ತನ್ನ ಡೈರಿಗೆ ಎಲ್ಲವನ್ನೂ ಒಪ್ಪಿಸುತ್ತಾನೆ, ಕೊನೆಗೆ ಅದನ್ನೂ ಅಳಿಸಿಹಾಕಿಸುತ್ತಾನೆ. ಥ್ರಿಲ್ಲರನ್ನು ತಪ್ಪೊಪ್ಪಿಗೆಯ ಒಳಗೆ ಇಟ್ಟಿದ್ದಾರೆ. ನನಗೆ ಪ್ರತಿ ಸಲ ಧರ್ಮರಾಯ ನೆನಪಾಗುತ್ತಾನೆ. ಅಶ್ವತ್ಥಾಮ ಸತ್ತ ಅಂತ ಅವನು ಹೇಳಿದ ಅರ್ಧ ಸುಳ್ಳಿನಿಂದ ದ್ರೋಣ ಬಿದ್ದ. ಆದರೆ ಭಾರತದ ಕಥೆ ಅಲ್ಲಿಗೇ ಬಿಡಲಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು ಅಂತಲೂ ಹೇಳಿತು. ತಪ್ಪು ಮಾಡಲೇಬೇಕಾಗಿ ಬಂತೇನೋ, ಇರಲಿ. ರಥ ಇಳಿದದ್ದನ್ನು ತೋರಿಸುವ ಕಥೆಯನ್ನು ನಾನು ನಂಬುತ್ತೀನಿ.

'ಸೆಕ್ಷನ್ 31' ಸಿನಿಮಾ ಜೊತೆ ನನಗಿರುವ ತಕರಾರು ಇದೇ. ಅದೇ 'ಡೀಪ್ ಸ್ಪೇಸ್ ನೈನ್'ನಲ್ಲಿ ಸೆಕ್ಷನ್ 31 ಒಂದು ರೋಗದ ಹಾಗಿತ್ತು. ಯುದ್ಧ ಗೆಲ್ಲಲು ಒಂದು ಇಡೀ ಜೀವಜಾತಿಗೇ ಮಾರಕ ವೈರಸ್ ಹಚ್ಚಿದ ಗುಪ್ತ ಸಂಸ್ಥೆ ಅದು. ಡಾಕ್ಟರ್ ಬಶೀರ್ ಅದರ ವಿರುದ್ಧ ನಿಂತು ಆ ರೋಗಕ್ಕೆ ಔಷಧಿ ಹುಡುಕಬೇಕಾಯಿತು. ಸಿನಿಮಾದಲ್ಲಿ ಅದೇ ಸಂಸ್ಥೆ ಚಿತ್ರವಿಚಿತ್ರ ಜನರ ಜೋಶ್ ತುಂಬಿದ ಟೀಮು. ಮಿಶೆಲ್ ಯೋ ಪಾತ್ರಕ್ಕೆ ಹಳೆಯ ಪಾಪದ ನೋವೇನೋ ಇದೆ. ಆದರೆ ಇಂಥ ಸಂಸ್ಥೆ ಯಾಕಿರಬೇಕು ಅನ್ನೋದನ್ನು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಯುಧ ಸಿಡಿಯುವ ಮೊದಲು ಓಡಬೇಕಲ್ಲ!

ಪುರುಸೊತ್ತಿಲ್ಲ ಅನ್ನೋ ಈ ಮಾತೇ ಮುಖ್ಯ. 'ಡಿಸ್ಕವರಿ'ಯ ಎರಡನೇ ಸೀಸನ್ನಿನಲ್ಲಿ ಒಂದು ಕೃತಕ ಬುದ್ಧಿಮತ್ತೆ ಗ್ಯಾಲಕ್ಸಿಯ ಜೀವವನ್ನೆಲ್ಲ ಮುಗಿಸಲು ಹೊರಡುತ್ತೆ. 'ಪಿಕಾರ್ಡ್' ಮೊದಲ ಸೀಸನ್ನಿನಲ್ಲೂ ಹೆಚ್ಚೂಕಡಿಮೆ ಅದೇ ಗಂಡಾಂತರ. ಪಣ ದೊಡ್ಡದಾದರೆ ಕಥೆ ದೊಡ್ಡದಾಗುತ್ತೆ ಅನ್ನೋ ಲೆಕ್ಕ ಇದು. ಆಗೋದು ಉಲ್ಟಾ. ಎಲ್ಲವೂ ನಾಶವಾಗುವಾಗ ಏನು ಮಾಡಿದರೂ ಸರಿ. ಹಾಗಾಗಿ ಯೋಚನೆ ಮಾಡೋದಕ್ಕೆ ಏನೂ ಉಳಿಯಲ್ಲ.

ಪಣದ ಸೈಜಿನದ್ದೇ ತಪ್ಪು ಅಂತಲೂ ಅಲ್ಲ. 1967ರ 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್'ನಲ್ಲಿ ಇಡೀ ಇತಿಹಾಸವೇ ಪಣಕ್ಕಿದೆ. ಆದರೆ ಅದರ ಬೆಲೆ 1930ರ ನ್ಯೂಯಾರ್ಕ್‌ನಲ್ಲಿ ಹಸಿದವರಿಗೆ ಊಟ ಹಾಕುವ ಈಡಿತ್ ಕೀಲರ್ ಅನ್ನೋ ಒಬ್ಬ ಹೆಂಗಸು. ಕರ್ಕ್ ಅವಳನ್ನು ಪ್ರೀತಿಸುತ್ತಾನೆ, ಉಳಿಸಬಹುದಾದ ಕ್ಷಣದಲ್ಲಿ ಉಳಿಸೋದಿಲ್ಲ. ಇತಿಹಾಸ ಉಳಿಯುತ್ತೆ, ಯಾರೂ ಚಪ್ಪಾಳೆ ತಟ್ಟಲ್ಲ.

ಹೀಗಾಗಿ ಯಾವ ಜಾನರ್ ಅನ್ನೋದಕ್ಕೆ ನನ್ನ ಉತ್ತರ ಇದು. ಕೋರ್ಟು, ಕಾಮಿಡಿ, ಹಾಡು, ಯುದ್ಧ, ಗೂಢಚಾರಿಕೆ, ಯಾವುದು ಬೇಕಾದರೂ ಬರಲಿ. ಆದರೆ ಬಿಲ್ ಯಾರ ಟೇಬಲ್ಲಿಗೆ ಹೋಯಿತು ಅಂತ ತೋರಿಸಬೇಕು. ಅದನ್ನು ಮುಚ್ಚಿಡುವ ಜಾನರ್ ಈ ಸರಣಿಗೆ ಒಗ್ಗಲ್ಲ, ಅದೆಷ್ಟೇ ಸ್ಟೈಲಾಗಿದ್ದರೂ.

ಟೀವಿ ಸೀರಿಯಲ್ಲಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ನೀವು ಕೇಳಬಹುದು. ನಮ್ಮ ದಿನಗಳಿಗೂ ನಾವು ಜಾನರ್ ಆರಿಸಿಕೊಳ್ತೀವಿ ಅನ್ನೋದು ಕಾರಣ. ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ 'ವಾರ್ ರೂಮ್' ಗೊತ್ತು. ಒಂದು ರಿಲೀಸ್ ಲೇಟಾದರೆ ಅದೇ ಮೀಟಿಂಗ್ ರೂಮಿಗೆ ಆ ಹೆಸರು ಬಂದುಬಿಡುತ್ತೆ. ಹೆಸರು ಬದಲಾದ ಕೂಡಲೇ ಕಾನೂನೂ ಬದಲಾಗುತ್ತೆ. ನಿನ್ನೆ ತನಕ ಕೇಳಬಹುದಾಗಿದ್ದ ಪ್ರಶ್ನೆ (ಈ ಡೇಟಾ ಬಳಸಲು ಗ್ರಾಹಕರ ಒಪ್ಪಿಗೆ ಇದೆಯಾ, ಟೆಸ್ಟ್ ಮಾಡದೆ ಇದನ್ನು ಬಿಡಬಹುದಾ, ಆ ಹುಡುಗಿ ಎರಡು ರಾತ್ರಿಯಿಂದ ಮಲಗಿಲ್ಲವಲ್ಲ) ಇವತ್ತು ಕೇಳಿದರೆ ನೀವು ಟೀಮ್ ಪ್ಲೇಯರ್ ಅಲ್ಲ. ಯುದ್ಧ ನಡೀತಿದೆ, ಈಗ ಇದೆಲ್ಲ ಯಾಕೆ?

ಯುದ್ಧ ಎಲ್ಲಿ ನಡೀತಿದೆ? ಒಂದು ಆ್ಯಪ್ ಅಪ್‌ಡೇಟ್ ಎರಡು ದಿನ ತಡವಾಗ್ತಿದೆ, ಅಷ್ಟೇ.

ಮುಂದಿನ ಸಲ ಯಾರಾದರೂ ವಾರ್ ರೂಮಿಗೆ ಕರೆದರೆ ಹೋಗಿ, ಕೆಲಸವನ್ನೂ ಮಾಡಿ. ಆದರೆ ಆ ಹೆಸರು ಇಟ್ಟವರು ಯಾರು, ಇಟ್ಟದ್ದರಿಂದ ಯಾವ ಪ್ರಶ್ನೆ ನಿಂತುಹೋಯಿತು ಅಂತ ಒಂದು ನಿಮಿಷ ನೋಡಿಕೊಳ್ಳಿ. ಆ ಪ್ರಶ್ನೆಯನ್ನು ನೀವೇ ಕೇಳಬೇಕಾಗಬಹುದು.