ಅಪ್ಪಣೆಯೂ ಮನಸ್ಸಾಕ್ಷಿಯೂ

ದಂಡಿನಲ್ಲಿ ಸೇವೆಮಾಡಿ ಪಿಂಚಣಿ ಹೊಂದಿ ಊರಿಗೆ ಬಂದು ನೆಲಸಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಅವರು ತಮ್ಮ ಪಲ್ಟಣದ ಸಂಗತಿಗಳನ್ನು ಹೇಳುವಾಗ ಚಿಕ್ಕವರೂ ದೊಡ್ಡವರೂ ಸುತ್ತಲು ಕೂತು ಕೇಳುತ್ತಾರೆ. ಚಳಿಯ ನಾಡಿನ ಹಿಮ, ದಿನಗಟ್ಟಲೆ ನಡೆದ ದಾರಿ, ಜತೆಗಾರರ ಸ್ನೇಹ, ಮೇಲಧಿಕಾರಿಗಳ ಗದರಿಕೆ, ಇವೆಲ್ಲಾ ಅವರ ಬಾಯಿಂದ ಸರಾಗವಾಗಿ ಬರುತ್ತವೆ. ಆದರೆ ಯಾವದೋ ಒಂದು ದಿನದ ಸುದ್ದಿ ಬಂದಾಗ ಮಾತು ತಟ್ಟನೆ ನಿಂತುಹೋಗುವದೂ ಉಂಟು. "ಅಪ್ಪಣೆಯಾಯಿತು, ಮಾಡಿದೆವು" ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುವವರಿದ್ದಾರೆ. ಕಳೆದ ಸೇವೆಯ ಕಡೆಗೆ ತಿರುಗಿ ನೋಡುವ ಸಿಪಾಯಿಗೆ ಎದುರಾಗುವ ದೊಡ್ಡ ಪ್ರಶ್ನೆಯು ಈ ಚಿಕ್ಕ ಮಾತಿನಲ್ಲಿ ಅಡಗಿದೆ. ಅದೇನಂದರೆ, ಮತ್ತೊಬ್ಬನ ಅಪ್ಪಣೆಯ ಮೇರೆಗೆ ನನ್ನ ಕೈ ಮಾಡಿದ ಕೃತ್ಯವು ಯಾರದು? ಅಪ್ಪಣೆ ಕೊಟ್ಟವನದೋ, ನನ್ನದೋ?

ಇದು ಸಿಪಾಯಿಗಳ ಪ್ರಶ್ನೆ ಮಾತ್ರವೆಂದು ನಾವು ನೆನಸಬಾರದು. ಧಣಿಯು ಹೇಳಿದನೆಂದು ರಾತ್ರಿಯಲ್ಲಿ ನೆರೆಯವನ ಹೊಲದ ಬದುವನ್ನು ಕಡಿದು ಒತ್ತಿದ ಆಳು, ಯಜಮಾನನು ಹೇಳಿದನೆಂದು ತಕ್ಕಡಿಯಲ್ಲಿ ಕಡಿಮೆ ತೂಗಿದ ಅಂಗಡಿಯ ಹುಡುಗ, ಮೇಲಿನವರು ಹೇಳಿದರೆಂದು ಸುಳ್ಳು ಲೆಕ್ಕ ಬರೆದ ಗುಮಾಸ್ತ, ಇವರೆಲ್ಲರೂ ಕೊಡುವ ಉತ್ತರವು ಅದೇ. ಆದರೆ ಸಿಪಾಯಿಯ ವಿಷಯದಲ್ಲಿ ಮನುಷ್ಯರ ಪ್ರಾಣದ ಮಾತು ಇರುವದರಿಂದ ಅಲ್ಲಿ ಪ್ರಶ್ನೆಯು ಬಹು ತೀಕ್ಷ್ಣವಾಗುತ್ತದೆ.

ಮೊದಲು ಸಿಪಾಯಿಯ ಪಕ್ಷವಾಗಿ ಹೇಳತಕ್ಕದ್ದನ್ನು ಹೇಳೋಣ. ವಿಧೇಯತೆಯಿಲ್ಲದೆ ದಂಡು ನಿಲ್ಲಲಾರದು. ಗುಡ್ಡವನ್ನು ಏರು, ಸೇತುವೆಯನ್ನು ಕಾಯಿ, ಇಲ್ಲಿಂದ ಕದಲಬೇಡ ಎಂಬ ಮಾತು ಬಂದಾಗ ಪ್ರತಿಯೊಬ್ಬನೂ ಕಾರಣ ಕೇಳುತ್ತಾ ನಿಂತರೆ ಜತೆಗಾರರೆಲ್ಲರೂ ನಾಶವಾದಾರು. ಇದಲ್ಲದೆ ಯುದ್ಧವನ್ನು ಆರಂಭಿಸುವವನು ಸಿಪಾಯಿಯಲ್ಲ. ಅದರ ನ್ಯಾಯಾನ್ಯಾಯಗಳನ್ನು ತೂಗಿ ನೋಡುವದಕ್ಕೆ ಬೇಕಾದ ಸಂಗತಿಗಳು ಅವನಿಗೆ ಗೊತ್ತಿರುವದೂ ಇಲ್ಲ. ಸ್ನಾನಿಕನಾದ ಯೋಹಾನನ ಬಳಿಗೆ ಸಿಪಾಯಿಗಳು ಬಂದು ತಾವೇನು ಮಾಡಬೇಕೆಂದು ಕೇಳಿದಾಗ, ಅವನು ದಂಡನ್ನು ಬಿಟ್ಟುಬಿಡಬೇಕೆಂದು ಹೇಳದೆ, ಬಲಾತ್ಕಾರವನ್ನೂ ಸುಳ್ಳು ದೂರನ್ನೂ ಬಿಡಬೇಕೆಂದು ಬೋಧಿಸಿದ್ದನ್ನು ನಾವು ಬಲ್ಲೆವು. ಆ ಉತ್ತರದಿಂದ ತಿಳಿಯುವದೇನಂದರೆ, ಸಿಪಾಯಿಯ ಉಡುಪನ್ನು ತೊಟ್ಟವನಿಗೂ ಅವನದೇ ಆದ ಲೆಕ್ಕವುಂಟು. ಅದನ್ನು ಅವನ ಬದಲಾಗಿ ಅವನ ಸರದಾರನು ಒಪ್ಪಿಸಲಾರನು.

ಇದಕ್ಕೆ ದೃಷ್ಟಾಂತವಾಗಿ ನಡೆದ ಸಂಗತಿಯೊಂದನ್ನು ವಿವರಿಸುವೆವು. ಅಮೇರಿಕದವರು ವಿಯೆಟ್ನಾಮ್ ದೇಶದಲ್ಲಿ ಯುದ್ಧಮಾಡುತ್ತಿದ್ದ ಕಾಲದಲ್ಲಿ, 1968ನೆಯ ಇಸವಿ ಮಾರ್ಚ್ 16ನೆಯ ತಾರೀಖಿನ ಬೆಳಿಗ್ಗೆ, ಅವರ ಒಂದು ತುಕಡಿಯು ಮೈ ಲಾಯ್ ಎಂಬ ಹಳ್ಳಿಯನ್ನು ಹೊಕ್ಕಿತು. ಬತ್ತದ ಗದ್ದೆಗಳ ನಡುವೆ ಬೇಸಾಯಗಾರರು ವಾಸಿಸುತ್ತಿದ್ದ ಊರು ಅದು. ಹಿಂದಿನ ವಾರಗಳಲ್ಲಿ, ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳಿಂದ ಆ ತುಕಡಿಯವರು ತಮ್ಮ ಕೆಲವು ಜತೆಗಾರರನ್ನು ಕಳಕೊಂಡಿದ್ದರು. ಊರಿನಲ್ಲಿ ಇರುವವರು ಶತ್ರುಗಳೇ ಎಂದು ಅವರಿಗೆ ಹೇಳಲ್ಪಟ್ಟಿತ್ತು. ಹೋಗಿ ನೋಡಿದರೆ ಅವರನ್ನು ಎದುರಿಸುವ ದಂಡು ಅಲ್ಲಿ ಇರಲಿಲ್ಲ. ಇದ್ದವರು ಮುದುಕರು, ಹೆಂಗಸರು, ಮಕ್ಕಳು. ಆದರೂ ಕೊಲೆಯು ನಡೆಯಿತು. ಸತ್ತವರು 347 ಮಂದಿ ಎಂದು ಅಮೇರಿಕದ ದಂಡಿನವರ ಎಣಿಕೆ; ಸುತ್ತಣ ಕೇರಿಗಳೂ ಸೇರಿ 504 ಮಂದಿ ಎಂದು ವಿಯೆಟ್ನಾಮಿನವರ ಎಣಿಕೆ.

ಆ ಬೆಳಿಗ್ಗೆ ಅಲ್ಲಿ ಒಂದೇ ದಂಡಿಗೆ ಸೇರಿದ, ಒಂದೇ ವಯಸ್ಸಿನ ಇಬ್ಬರು ಯೌವನಸ್ಥರಿದ್ದರು. ಇಬ್ಬರೂ 1943ರಲ್ಲಿ ಹುಟ್ಟಿದವರು; ಇಬ್ಬರಿಗೂ ಆಗ 24 ವರುಷ. ಒಬ್ಬನು ಲೆಫ್ಟೆನೆಂಟ್ ವಿಲಿಯಂ ಕ್ಯಾಲೀ. ಅವನು ಹಳ್ಳಿಯವರನ್ನು ಒಂದು ಕಾಲುವೆಯ ಬಳಿಗೆ ಕೂಡಿಸಿ ಕೊಲ್ಲಿಸಿದನು, ತಾನೂ ಕೊಂದನು. ಮತ್ತೊಬ್ಬನು ಹೆಲಿಕಾಪ್ಟರನ್ನು ನಡಿಸುತ್ತಿದ್ದ ಹ್ಯೂ ಥಾಮ್ಸನ್. ಅವನು ಮೇಲಿನಿಂದ ಹೆಣಗಳನ್ನು ಕಂಡು ಬೆಚ್ಚಿದನು. ಕೆಲವು ಮಂದಿ ಹಳ್ಳಿಯವರು ಒಂದು ಅಡಗುದಾಣದಲ್ಲಿ ಅವಿತುಕೊಂಡಿರುವದನ್ನೂ ತನ್ನ ದೇಶದ ಸಿಪಾಯಿಗಳು ಅವರ ಕಡೆಗೆ ಬರುತ್ತಿರುವದನ್ನೂ ನೋಡಿ, ಅವರ ಮಧ್ಯದಲ್ಲಿ ಹೆಲಿಕಾಪ್ಟರನ್ನು ಇಳಿಸಿದನು. ಈ ಸಿಪಾಯಿಗಳು ಹಳ್ಳಿಯವರ ಮೇಲೆ ಗುಂಡುಹಾರಿಸಿದರೆ ನೀವು ಸಿಪಾಯಿಗಳ ಮೇಲೆಯೇ ಹಾರಿಸಬೇಕೆಂದು ಲಾರೆನ್ಸ್ ಕೋಲ್ಬರ್ನ್, ಗ್ಲೆನ್ ಆಂಡ್ರಿಯೋಟಾ ಎಂಬ ತನ್ನ ಇಬ್ಬರು ಜತೆಗಾರರಿಗೆ ಹೇಳಿ, ತಾನು ಅಡಗಿದ್ದವರ ಬಳಿಗೆ ಹೋಗಿ ಸುಮಾರು ಹತ್ತು ಮಂದಿಯನ್ನು ಹೊರಗೆ ಕರೆದು, ಬೇರೆ ಹೆಲಿಕಾಪ್ಟರುಗಳನ್ನು ಬರಮಾಡಿ ಅವರನ್ನು ಸಾಗಿಸಿದನು. ತರುವಾಯ ಕಾಲುವೆಯ ಹೆಣಗಳ ನಡುವೆ ಏನೋ ಅಲ್ಲಾಡುವದು ಕಾಣಿಸಲು, ಆಂಡ್ರಿಯೋಟಾ ಅದರೊಳಗೆ ಇಳಿದು ಜೀವದಿಂದಿದ್ದ ಒಂದು ಮಗುವನ್ನು ಎತ್ತಿಕೊಂಡು ಬಂದನು. ಥಾಮ್ಸನನು ಠಾಣ್ಯಕ್ಕೆ ಹೋಗಿ ಮೇಲಧಿಕಾರಿಗಳಿಗೆ ದೂರು ಹೇಳಿದ ಮೇಲೆ ಕೊಲೆಯನ್ನು ನಿಲ್ಲಿಸಬೇಕೆಂಬ ಅಪ್ಪಣೆ ಹೊರಟಿತು. ಇಷ್ಟೇ ಅಲ್ಲ, ಕ್ಯಾಲೀಯ ಕೈಕೆಳಗಿದ್ದ ಕೆಲವು ಸಿಪಾಯಿಗಳು ಸಹ ಗುಂಡುಹಾರಿಸಲು ಒಪ್ಪದೆ ನಿಂತರು. ಅಂದ ಮೇಲೆ, ಬೇರೆ ದಾರಿಯೇ ಇರಲಿಲ್ಲವೆಂದು ಹೇಳುವದಕ್ಕಾಗದು.

1971ರಲ್ಲಿ ದಂಡಿನ ನ್ಯಾಯಸ್ಥಾನವು ಕ್ಯಾಲೀಯನ್ನು 22 ಮಂದಿಯ ಕೊಲೆಗಾಗಿ ಅಪರಾಧಿಯೆಂದು ತೀರ್ಮಾನಿಸಿತು. ತನ್ನ ಮೇಲಿನವನ ಅಪ್ಪಣೆಯನ್ನು ಪಾಲಿಸಿದೆನೆಂದು ಅವನು ವಾದಿಸಿದನು. ಮೇಲಿನವನು ಅಂಥ ಅಪ್ಪಣೆ ಕೊಡಲಿಲ್ಲವೆಂದನು. ನ್ಯಾಯಾಧಿಪತಿಯು ಒಂದು ತತ್ವವನ್ನು ವಿವರಿಸಿದನು. ಸಾಧಾರಣ ಬುದ್ಧಿಯುಳ್ಳ ಮನುಷ್ಯನಿಗೆ ಅನ್ಯಾಯವೆಂದು ತೋರುವ ಅಪ್ಪಣೆಯು ಅದನ್ನು ಪಾಲಿಸಿದವನನ್ನು ಕಾಪಾಡದು ಎಂಬದೇ ಅದು. ಜರ್ಮನಿಯ ನಾಯಕರನ್ನು ನ್ಯೂರೆಂಬರ್ಗ್ ಪಟ್ಟಣದಲ್ಲಿ ವಿಚಾರಿಸುವದಕ್ಕಾಗಿ 1945ರಲ್ಲಿ ಮಾಡಿದ ಕಟ್ಟಳೆಯೂ ಹಾಗೆಯೇ ಇತ್ತು: ಅಪ್ಪಣೆಯು ಅಪರಾಧವನ್ನು ಅಳಿಸದು, ಶಿಕ್ಷೆಯನ್ನು ಕಡಿಮೆಮಾಡುವದಕ್ಕೆ ಮಾತ್ರ ಅದನ್ನು ಎಣಿಕೆಗೆ ತಕ್ಕೊಳ್ಳಬಹುದು. ಇದರಲ್ಲಿ ನ್ಯಾಯವೂ ಉಂಟು, ಕರುಣೆಯೂ ಉಂಟು. ಗುಡ್ಡವನ್ನು ಏರೆಂಬ ಅಪ್ಪಣೆಗೆ ಕಾರಣ ಕೇಳಬೇಕಾಗಿಲ್ಲ. ಹಸುಳೆಯನ್ನು ಕೊಲ್ಲೆಂಬ ಅಪ್ಪಣೆಗೆ ಕಾರಣವೇ ಇರಲಾರದು. ಇವೆರಡರ ಭೇದವನ್ನು ತಿಳಿಯಲು ಓದುಬರಹ ಬೇಕಾಗಿಲ್ಲ.

ಇನ್ನು ಇವರಿಬ್ಬರೂ ಮುಂದೆ ಹೇಗೆ ಹಿಂದಿರುಗಿ ನೋಡಿದರೆಂಬದನ್ನು ಯೋಚಿಸೋಣ. ಕ್ಯಾಲೀಗೆ ವಿಧಿಸಿದ ಜೀವಾವಧಿ ಶಿಕ್ಷೆಯು ಹಂತಹಂತವಾಗಿ ತಗ್ಗಿತು. ಅವನು ಸುಮಾರು ಮೂರೂವರೆ ವರುಷ, ಬಹುಪಾಲು ತನ್ನ ಬಿಡಾರದಲ್ಲಿಯೇ, ಕಾವಲಿನಲ್ಲಿದ್ದನು. ಅವನ ದೇಶದ ಬಹು ಜನರು ಅವನ ಪಕ್ಷವನ್ನು ಹಿಡಿದರು. ಅವನನ್ನು ಹೊಗಳುವ ಹಾಡಿನ ತಟ್ಟೆಗಳು ಲಕ್ಷಗಟ್ಟಲೆ ಮಾರಿಹೋದವು. ಥಾಮ್ಸನನಿಗೋ ಕೊಲೆಯ ಬೆದರಿಕೆಗಳು ಬಂದವು. ದೇಶದ ಶಾಸನಸಭೆಯ ಒಬ್ಬ ಸದಸ್ಯನು ಶಿಕ್ಷೆ ಆಗಬೇಕಾದದ್ದು ಇವನಿಗೇ ಎಂದನು. ದಂಡಿನವರು ಮೊದಲು ಅವನಿಗೆ ಕೊಟ್ಟ ಪದಕದ ಪತ್ರದಲ್ಲಿ, ಎರಡು ಕಡೆಯ ಗುಂಡುಗಳ ನಡುವೆ ಸಿಕ್ಕಿದ ಮಗುವನ್ನು ಅವನು ಉಳಿಸಿದನೆಂದು ಸುಳ್ಳು ಬರೆದಿತ್ತು. ಅವನು ಆ ಪದಕವನ್ನು ಎಸೆದುಬಿಟ್ಟನು. 30 ವರುಷಗಳಾದ ಮೇಲೆ, 1998ರಲ್ಲಿ, ನಿಜವನ್ನು ಹೇಳಿ ಅವನಿಗೂ ಕೋಲ್ಬರ್ನನಿಗೂ ಪದಕವನ್ನು ಕೊಟ್ಟರು. ಆ ಮಗುವನ್ನು ಎತ್ತಿದ ಆಂಡ್ರಿಯೋಟಾ ಅಷ್ಟರೊಳಗೆ ಬಹುಕಾಲದ ಹಿಂದೆಯೇ, 1968ರ ಏಪ್ರಿಲಿನಲ್ಲಿ, ಯುದ್ಧದಲ್ಲಿ ಸತ್ತುಹೋಗಿದ್ದನು. ಸರಿಯಾದದ್ದನ್ನು ಮಾಡಿದ ಥಾಮ್ಸನನಿಗೂ ನೆನಪುಗಳು ಹಗುರವಾಗಿರಲಿಲ್ಲ. ದುಸ್ಸ್ವಪ್ನಗಳೂ ಕುಡಿತವೂ ಅವನನ್ನು ಬಹುವಾಗಿ ಪೀಡಿಸಿದವು.

1998ರಲ್ಲಿ ಥಾಮ್ಸನನೂ ಕೋಲ್ಬರ್ನನೂ ಮೈ ಲಾಯಿಗೆ ತಿರಿಗಿ ಹೋದರು. ಅಲ್ಲಿ, ಬದುಕಿ ಉಳಿದ ಒಬ್ಬ ಹೆಂಗಸು, ಆ ದಿನ ಕೊಂದವರು ನಿಮ್ಮ ಸಂಗಡ ಯಾಕೆ ಬರಲಿಲ್ಲವೆಂದು ಕೇಳಿದಳು. ಥಾಮ್ಸನನು ಈ ಮಾತಿನಿಂದ ಕುಗ್ಗಿಹೋದನು. ಆದರೆ ಆಕೆಯ ಮಾತು ಇನ್ನೂ ಮುಗಿದಿರಲಿಲ್ಲ. ಅವರು ಬಂದಿದ್ದರೆ ತಾವು ಅವರನ್ನು ಕ್ಷಮಿಸಬಹುದಾಗಿತ್ತೆಂದು ಆಕೆ ಹೇಳಿದಳು. ಅಂಥ ಕ್ಷಮೆಯು ತನ್ನಿಂದಾಗದೆಂದು ಥಾಮ್ಸನನೇ ಮುಂದೆ ಒಪ್ಪಿಕೊಂಡನು. ಕ್ಯಾಲೀಯು ಸುಮಾರು ನಾಲ್ವತ್ತು ವರುಷ ಬಹಿರಂಗವಾಗಿ ಮಾತಾಡದೆ ಇದ್ದು, 2009ರಲ್ಲಿ ತನ್ನ ದೇಶದ ಕೊಲಂಬಸ್ ಎಂಬ ಊರಿನ ಒಂದು ಸಂಘದ ಕೂಟದಲ್ಲಿ ಎದ್ದು, ಪಶ್ಚಾತ್ತಾಪವಿಲ್ಲದ ದಿನವಿಲ್ಲವೆಂದು ಹೇಳಿದನು. ಯಾಕೆ ಎದುರು ನಿಲ್ಲಲಿಲ್ಲವೆಂದು ಕೇಳಿದಾಗ, ಅಪ್ಪಣೆಯಾಗಿತ್ತು, ಅವಿವೇಕದಿಂದ ಪಾಲಿಸಿದೆನೆಂದನು. 2024ರಲ್ಲಿ ಅವನು ಸತ್ತನು. ಅವನ ದುಃಖವು ಕಪಟವೆಂದು ನಾವು ಹೇಳಲಾರೆವು. ಆದರೆ ಕ್ಷಮಿಸಲು ಕಾದಿದ್ದವರು ಒಂದು ಊರಿನಲ್ಲಿ, ಅವನು ಮಾತಾಡಿದ್ದು ಮತ್ತೊಂದು ಊರಿನಲ್ಲಿ.

ಇಂಥ ದೂರವು ನಮ್ಮ ದೇಶದ ಪುರಾತನ ಚರಿತ್ರೆಯಲ್ಲಿಯೂ ಕಾಣುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕಳಿಂಗವನ್ನು ಗೆದ್ದ ಅಶೋಕ ಚಕ್ರವರ್ತಿಯು, ಅಲ್ಲಿ ಒಂದು ಲಕ್ಷ ಜನರು ಕೊಲ್ಲಲ್ಪಟ್ಟರೆಂದೂ ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ ತಾನು ಅದಕ್ಕಾಗಿ ವ್ಯಥೆಪಡುವೆನೆಂದೂ ಬಂಡೆಗಳ ಮೇಲೆ ಕೆತ್ತಿಸಿದನು. ಅಪ್ಪಣೆ ಕೊಟ್ಟವನೇ ಕೃತ್ಯವನ್ನು ತನ್ನದೆಂದು ಒಪ್ಪಿಕೊಳ್ಳುವದು ಸಾಮಾನ್ಯ ಸಂಗತಿಯಲ್ಲ. ಆದರೆ ಈ ಶಾಸನವು ಅವನ ರಾಜ್ಯದ ಬೇರೆ ಭಾಗಗಳಲ್ಲಿ ದೊರಕುತ್ತದೆ. ಕಳಿಂಗದ ಧೌಲಿ, ಜೌಗಡ ಎಂಬ ಸ್ಥಳಗಳ ಬಂಡೆಗಳಲ್ಲಿ ಅದನ್ನು ಬಿಟ್ಟು, ಪ್ರಜೆಗಳನ್ನು ಮಕ್ಕಳಂತೆ ನೋಡಬೇಕೆಂದು ಅಧಿಕಾರಿಗಳಿಗೆ ಬುದ್ಧಿಹೇಳುವ ಬೇರೆ ಶಾಸನಗಳನ್ನು ಕೆತ್ತಿದೆ. ಈ ಬೇರೆ ಶಾಸನಗಳು ನಮ್ಮ ಕಲಬುರಗಿ ಸೀಮೆಯ ಸನ್ನತಿಯಲ್ಲಿಯೂ ಸಿಕ್ಕಿವೆ. ಕಾರಣವು ಏನೇ ಇರಲಿ, ನೊಂದವರ ಮುಂದೆ ನಿಂತು ನಾನು ಮಾಡಿದೆನೆಂದು ಹೇಳುವದು ಚಕ್ರವರ್ತಿಗೂ ಸುಲಭವಲ್ಲ.

ಹಾಗಾದರೆ ಕೃತ್ಯವು ಯಾರದು? ಅಪ್ಪಣೆ ಕೊಟ್ಟವನದೂ ಹೌದು, ಮಾಡಿದವನದೂ ಹೌದು. ಅದು ಇಬ್ಬರಲ್ಲಿ ಹಂಚಿಹೋಗಿ ಅರ್ಧರ್ಧವಾಗುವದಿಲ್ಲ. ಇಬ್ಬರ ಮೇಲೆಯೂ ಪೂರ್ಣವಾಗಿಯೇ ಇರುತ್ತದೆ. ಅವರನ್ನು ಯುದ್ಧಕ್ಕೆ ಕಳುಹಿಸಿ, ಗೆದ್ದು ಬಂದಾಗ ಹಾರ ಹಾಕುವವರಾದ ನಮಗೂ ಅದರಲ್ಲಿ ಪಾಲುಂಟು. ಮುದಿ ಸಿಪಾಯಿಯ ಮಾತು ನಿಂತುಹೋಗುವದಕ್ಕೆ ಕೆಲವು ಸಾರಿ ನಾವೇ ಕಾರಣರು. ನಾವು ಸಾಹಸವನ್ನು ಮಾತ್ರ ಕೇಳಲು ಬಯಸುತ್ತೇವೆ. ದುಃಖವನ್ನು ಹೇಳಹೊರಟರೆ, ಅದು ನಿಮ್ಮ ಕರ್ತವ್ಯವಲ್ಲವೇ ಎಂದು ಬಾಯಿಮುಚ್ಚಿಸುತ್ತೇವೆ. ಮೈ ಲಾಯಿಯ ಕೊಲೆಯು ಒಂದು ವರುಷಕ್ಕಿಂತ ಹೆಚ್ಚು ಕಾಲ ಲೋಕಕ್ಕೆ ತಿಳಿಯದೆ ಇತ್ತು. ಅದು ಬೆಳಕಿಗೆ ಬರಲು ಕಾರಣನಾದವನು ಅಲ್ಲಿ ಇಲ್ಲದಿದ್ದ ರಾನ್ ರೈಡನೌರ್ ಎಂಬ ಸಿಪಾಯಿ. ಅವನು ಅಲ್ಲಿದ್ದವರ ಮಾತುಗಳನ್ನು ತಾಳ್ಮೆಯಿಂದ ಕೇಳಿ, 1969ರಲ್ಲಿ ದೇಶದ ಅಧಿಕಾರಿಗಳಿಗೆ ಪತ್ರಗಳನ್ನು ಬರೆದನು.

ಆದದರಿಂದ, ವಾಚಕರೇ, ನಿಮ್ಮ ಊರಿನ ಹಳೇ ಸಿಪಾಯಿಯು ಬಾಯಿಬಿಟ್ಟರೆ ಹೊಗಳುವದಕ್ಕೂ ತೆಗಳುವದಕ್ಕೂ ಅವಸರಪಡದೆ ಕೇಳಿರಿ. ಹೇಳದಿದ್ದರೆ ಒತ್ತಾಯಮಾಡಬೇಡಿರಿ. ಮಾಡಿದ್ದನ್ನು ಮಾಡಿದೆನೆಂದು ಒಬ್ಬನಾದರೂ ಕೇಳುವಂತೆ ಹೇಳಿದವನ ಮನಸ್ಸು, ಎಲ್ಲಾ ಅಪ್ಪಣೆಯೇ ಎಂದು ಮುಚ್ಚಿಟ್ಟವನ ಮನಸ್ಸಿಗಿಂತ ಹಗುರವಾಗುವದು. ನಮ್ಮ ವಿಷಯವಾಗಿಯೂ ಎಚ್ಚರವಿರಲಿ. ಧಣಿಯು ಬದುವನ್ನು ಒತ್ತೆಂದಾಗ ಗುದ್ದಲಿಯನ್ನು ಕೆಳಗಿಡಲಾರದವನು, ಹಸುಳೆಯನ್ನು ಕೊಲ್ಲೆಂದಾಗ ಕೋವಿಯನ್ನು ಕೆಳಗಿಡುವನೆಂದು ನಂಬುವದು ಹೇಗೆ? ಆಗದೆಂದು ಹೇಳುವ ಅಭ್ಯಾಸವನ್ನು ಚಿಕ್ಕ ಕಾರ್ಯಗಳಲ್ಲಿಯೇ ಮಾಡತಕ್ಕದ್ದು. ಮಕ್ಕಳಿಗೆ ವಿಧೇಯತೆಯನ್ನು ಕಲಿಸುವಾಗ ಅದರ ಎಲ್ಲೆಯನ್ನೂ ಕಲಿಸತಕ್ಕದ್ದು.